ಹಿತ್ತಲ ಈಜುಕೊಳದ ಲೆಕ್ಕ

ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಲು ಹೊರಟಿರುವ ನಮ್ಮ ಓದುಗರೊಬ್ಬರು, ಕಿರಾಣಿ ವ್ಯಾಪಾರದವರು, ನಮಗೊಂದು ಪ್ರಶ್ನೆ ಕಳಿಸಿದ್ದಾರೆ. ಹಿತ್ತಲಿನಲ್ಲಿ ಸಣ್ಣದೊಂದು ಈಜುಕೊಳವನ್ನೂ ತೆಗೆಸಿಬಿಡಿ, ಮಕ್ಕಳಿಗೆ ಸಂತೋಷ, ಮನೆಗೆ ಬೆಲೆ, ಊರಿನಲ್ಲಿ ಮರ್ಯಾದೆ ಎಂದು ಇಂಜಿನಿಯರು ದುಂಬಾಲು ಬಿದ್ದಿದ್ದಾರಂತೆ. ಈ ಕೊಳ ಕಟ್ಟಿಸಿದವನನ್ನು ಸಾಕುತ್ತದೆಯೋ, ಕಟ್ಟಿಸಿದವನೇ ಅದನ್ನು ಸಾಕಬೇಕೋ, ಪತ್ರಿಕೆಯವರು ಮುಚ್ಚುಮರೆಯಿಲ್ಲದೆ ಹೇಳಬೇಕು ಎಂಬುದು ಅವರ ಕೋರಿಕೆ.

ಗಿರಣಿಯ ಬೋನಸ್ಸು, ತೂಕದ ಮೋಸ, ಪಾಳಿಯ ತಕರಾರು ಇಷ್ಟೆಲ್ಲ ಇರುವಾಗ ಈಜುಕೊಳಕ್ಕೆ ಸಂಪಾದಕೀಯವೇ ಎಂದು ನಮ್ಮ ಸಂಗಾತಿಗಳು ಕೆಲವರು ನಕ್ಕರು. ನಗುವ ಮಾತೇ ಹೌದು. ಆದರೆ ಪೇಟೆಯ ಗೋಡೆಗೋಡೆಗಳ ಮೇಲೆ ಅಂಟಿಸಿರುವ ಬಡಾವಣೆಗಳ ಜಾಹೀರಾತುಗಳನ್ನು ನೋಡಿದವರಿಗೆ ಈ ಪ್ರಶ್ನೆ ಒಬ್ಬರದಲ್ಲವೆಂದು ತಿಳಿಯುತ್ತದೆ. ಹತ್ತು ವರ್ಷದ ಹಿಂದೆ ಬೆಂಗಳೂರಿನ ಕೋಟ್ಯಧೀಶರ ಮಾತಾಗಿದ್ದುದು ಇಂದು ಜಿಲ್ಲೆಯ ಊರುಗಳ ವರ್ತಕನ ಕಿವಿಯಲ್ಲಿ ಪಿಸುಗುಟ್ಟುತ್ತಿದೆ. ಅಂದಮೇಲೆ ಲೆಕ್ಕ ಹಾಕಿಯೇ ನೋಡುವುದು ಲೇಸು. ವರ್ತಕರ ಲೆಕ್ಕ ಒಂದು, ನೀರಿನ ಲೆಕ್ಕ ಇನ್ನೊಂದು.

ಮೊದಲು ವರ್ತಕರ ಲೆಕ್ಕ. ಮೂವತ್ತು ಅಡಿ ಉದ್ದ, ಹದಿನೈದು ಅಡಿ ಅಗಲ, ಸರಾಸರಿ ನಾಲ್ಕೂವರೆ ಅಡಿ ಆಳದ ಕೊಳವೆಂದು ಹಿಡಿಯೋಣ. ಇದೇನೂ ದೊಡ್ಡದಲ್ಲ, ಮನೆಗೊಳಗಳಲ್ಲಿ ಸಾಧಾರಣದ್ದು. ಇದರಲ್ಲಿ ಹಿಡಿಯುವ ನೀರು ಸುಮಾರು 57,000 ಲೀಟರ್. ಅಗೆತ, ಕಾಂಕ್ರೀಟು, ಹೆಂಚು, ಪಂಪು, ಸೋಸುವ ಯಂತ್ರ ಎಲ್ಲ ಸೇರಿ ಹತ್ತು ಲಕ್ಷ ರೂಪಾಯಿ ಆಯಿತೆಂದು ಇಟ್ಟುಕೊಳ್ಳಿ. ಆ ಹಣವನ್ನು ನೂರಕ್ಕೆ ಏಳರ ಬಡ್ಡಿಗೆ ಇಟ್ಟಿದ್ದರೆ ವರ್ಷಕ್ಕೆ 70,000 ರೂಪಾಯಿ ಬರುತ್ತಿತ್ತು. ಅಂಗಡಿಯ ಬಾಗಿಲು ಬೆಳಿಗ್ಗೆ ಎಂಟಕ್ಕೆ ತೆಗೆದು ರಾತ್ರಿ ಹತ್ತಕ್ಕೆ ಹಾಕುವವನು ವರ್ಷದಲ್ಲಿ ಎಷ್ಟು ದಿನ ಈಜಿಯಾನು? ಧಾರಾಳವಾಗಿ ನೂರು ದಿನ ಎನ್ನೋಣ. ಹಾಗಿದ್ದರೆ ನೀರಿಗಿಳಿದ ಪ್ರತಿ ದಿನಕ್ಕೂ ಏಳುನೂರು ರೂಪಾಯಿ ಬರಿಯ ಬಡ್ಡಿಯೇ ಹೋಯಿತು. ಸಾಲ ತಂದು ಕಟ್ಟಿಸಿದರೆ ಇದಕ್ಕಿಂತ ಹೆಚ್ಚು.

ಇದು ಬಂಡವಾಳದ ಮಾತಾಯಿತು. ಇನ್ನು ಸಾಕುವ ಖರ್ಚು. ನಿಂತ ನೀರು ಬಿಸಿಲಿಗೆ ಎರಡು ದಿನದಲ್ಲಿ ಬಣ್ಣ ಬದಲಿಸುತ್ತದೆ, ವಾರದೊಳಗೆ ಪಾಚಿ ಕಟ್ಟುತ್ತದೆ. ಅದನ್ನು ತಡೆಯಲು ಹತ್ತು ಲಕ್ಷ ಪಾಲು ನೀರಿಗೆ ಒಂದರಿಂದ ಮೂರು ಪಾಲು ಕ್ಲೋರಿನ್ ಸದಾ ಉಳಿದಿರಬೇಕು. ನಮ್ಮ ಬಯಲುಸೀಮೆಯ ಬಿಸಿಲೋ, ಕ್ಲೋರಿನ್ನನ್ನು ಕೆಲವೇ ಗಂಟೆಗಳಲ್ಲಿ ತಿಂದುಹಾಕುತ್ತದೆ. ಅದು ಉಳಿಯಲೆಂದು ಇನ್ನೊಂದು ರಾಸಾಯನಿಕ. ನೀರಿನ ಹುಳಿ-ಕ್ಷಾರಗಳ ಹದ 7.2ರಿಂದ 7.8ರ ಒಳಗೆ ನಿಲ್ಲಲೆಂದು ಒಮ್ಮೆ ಆಮ್ಲ, ಒಮ್ಮೆ ಸೋಡ. ಮಳೆ ಬಂದರೆ ಹದ ಕೆಡುತ್ತದೆ, ನೆಂಟರು ಬಂದು ಇಳಿದರೂ ಕೆಡುತ್ತದೆ. ಈಜುಕೊಳಗಳ ಬಳಿ ಮೂಗಿಗೆ ಅಡರುವ ಘಾಟನ್ನು ಜನ ಶುಚಿತ್ವದ ವಾಸನೆಯೆಂದು ತಿಳಿದಿದ್ದಾರೆ. ವಾಸ್ತವವಾಗಿ ಅದು ಕ್ಲೋರಿನ್ನು ಬೆವರು-ಮೂತ್ರಗಳೊಡನೆ ಸೇರಿ ಹುಟ್ಟಿದ ವಾಸನೆ. ಚೊಕ್ಕಟವಾದ ಕೊಳ ಅಷ್ಟಾಗಿ ನಾರುವುದಿಲ್ಲ.

ನೀರು ದಿನಕ್ಕೊಮ್ಮೆಯಾದರೂ ಸೋಸುವ ಮರಳಿನ ಮೂಲಕ ಹಾದುಬರಬೇಕು. ಒಂದು ಅಶ್ವಶಕ್ತಿಯ ಪಂಪು ದಿನಕ್ಕೆ ಎಂಟು ಗಂಟೆ ಓಡಿದರೆ ಆರು ಯೂನಿಟ್ಟು, ತಿಂಗಳಿಗೆ 180 ಯೂನಿಟ್ಟು. ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ಉಚಿತ ವಿದ್ಯುತ್ತಿನ ಮೇಲುಮಿತಿ ತಿಂಗಳಿಗೆ 200 ಯೂನಿಟ್ಟು. ಅದನ್ನು ದಾಟಿದವರು ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಎಂದರೆ ಒಂದು ಇಡೀ ಸಂಸಾರ ದೀಪ ಹಚ್ಚಿ, ಫ್ಯಾನು ತಿರುಗಿಸಿ, ಹಿಟ್ಟು ರುಬ್ಬಿ ಬದುಕಲು ಸಾಕೆಂದು ಸರ್ಕಾರ ಗೊತ್ತುಮಾಡಿದ ವಿದ್ಯುತ್ತನ್ನು ಈ ಕೊಳದ ಪಂಪೊಂದೇ ಹೆಚ್ಚುಕಡಿಮೆ ಕುಡಿದು ಮುಗಿಸುತ್ತದೆ.

ಈ ಕೆಲಸವನ್ನು ಯಾರು ಮಾಡುತ್ತಾರೆ? ಯಜಮಾನರು ಮೊದಲ ತಿಂಗಳು ತಾವೇ ಮಾಡುತ್ತಾರೆ. ಆಮೇಲೆ ಒಬ್ಬ ಹುಡುಗ ಬರುತ್ತಾನೆ. ಕೈಗೆ ಗವಸಿಲ್ಲ, ಕಣ್ಣಿಗೆ ಕನ್ನಡಕವಿಲ್ಲ, ಡಬ್ಬಿಯ ಮೇಲಿನ ಎಚ್ಚರಿಕೆ ಅವನಿಗೆ ತಿಳಿಯದ ಭಾಷೆಯಲ್ಲಿ. ಬ್ಲೀಚಿಂಗ್ ಪುಡಿಯ ಮೇಲೆ ಆಮ್ಲ ಬಿದ್ದರೆ ಹೊರಡುವುದು ಕ್ಲೋರಿನ್ ಅನಿಲ. 1915ರಲ್ಲಿ ಯೂರೋಪಿನ ಯುದ್ಧಭೂಮಿಯಲ್ಲಿ ಸೈನಿಕರನ್ನು ಕೊಂದದ್ದು ಇದೇ ಅನಿಲ. ಗಿರಣಿಯ ಬಣ್ಣದ ಖಾತೆಯಲ್ಲಿ ದುಡಿದ ಹಿರಿಯರಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಕೊಳದ ಸೊಬಗಿನ ಚಿತ್ರಗಳಲ್ಲಿ ಈ ಹುಡುಗ ಎಲ್ಲಿಯೂ ಕಾಣುವುದಿಲ್ಲ.

ಮನೆಗೆ ಬೆಲೆ ಬರುತ್ತದೆಂಬ ಮಾತನ್ನು ನಾವು ನಂಬುವುದಿಲ್ಲ. ನಾಳೆ ಮನೆ ಕೊಳ್ಳಲು ಬರುವವನಿಗೆ ಕೈಕೂಸುಗಳಿದ್ದರೆ ಕೊಳ ಕಂಡು ಹಿಂಜರಿಯುತ್ತಾನೆ. ಹಿಂಜರಿಕೆಗೆ ಕಾರಣವೂ ಉಂಟು: ಮನೆಗೊಂದು ಕೊಳ ಮಾಡಿಕೊಂಡ ಅಮೆರಿಕಾದಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ಸಾವಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ನೀರಿನಲ್ಲಿ ಮುಳುಗುವುದೇ ಆಗಿದೆ. ಸಾಲದ ಕಂತು ತಪ್ಪಿದರೆ ಏನಾಗುತ್ತದೆಂಬುದಕ್ಕೂ ಆ ದೇಶದ್ದೇ ಉದಾಹರಣೆಯಿದೆ. 2007ರಲ್ಲಿ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ ಮನೆಸಾಲ ತೀರಿಸಲಾರದೆ ಜನ ಮನೆ ಬಿಟ್ಟು ಹೋದರು. ಹಿತ್ತಲ ಕೊಳಗಳು ಹಸಿರುಗಟ್ಟಿದವು, ಅವುಗಳಲ್ಲಿ ಸೊಳ್ಳೆ ಹುಟ್ಟಿದವು, ಸೊಳ್ಳೆಗಳು ವೆಸ್ಟ್ ನೈಲ್ ಜ್ವರವನ್ನು ಕೇರಿಕೇರಿಗೆ ಹಂಚಿದವು. ಕೊಳದ ಸುಖ ಒಬ್ಬನದು, ಜ್ವರ ಮಾತ್ರ ಸಾರ್ವಜನಿಕ.

ಆದುದರಿಂದ ನಮ್ಮ ವರ್ತಕ ಮಿತ್ರರಿಗೆ ನಮ್ಮ ಉತ್ತರ ಸ್ಪಷ್ಟ. ಕಟ್ಟಿಸಬೇಡಿ. ಅದೇ ಜಾಗದಲ್ಲಿ ಮಳೆನೀರಿಗೆ ಒಂದು ತೊಟ್ಟಿ ಕಟ್ಟಿಸಿ. ವರ್ಷಕ್ಕೆ 65 ಸೆಂಟಿಮೀಟರ್ ಮಳೆ ಬೀಳುವ ಊರಿನಲ್ಲಿ 1,200 ಚದರಡಿಯ ಮಾಳಿಗೆಯಿಂದ, ಐದರಲ್ಲಿ ಒಂದು ಪಾಲು ಸೋರಿಹೋಯಿತೆಂದರೂ, ಸುಮಾರು 58,000 ಲೀಟರ್ ಇಳಿಯುತ್ತದೆ. ನಿಮ್ಮ ತಲೆಯ ಮೇಲೆ ಇಡೀ ವರ್ಷ ಸುರಿದ ಮಳೆಯಷ್ಟೂ ಆ ಕೊಳವನ್ನು ಒಂದೇ ಒಂದು ಸಲ ತುಂಬುತ್ತದೆ, ಅಷ್ಟೆ. ವರುಣದೇವನ ಒಂದು ವರ್ಷದ ದುಡಿಮೆಗೆ ಇದು ಸರಿಯಾದ ಕೂಲಿಯೇ?

ಇಲ್ಲಿಗೆ ವರ್ತಕರ ಲೆಕ್ಕ ಮುಗಿಯಿತು. ನಮಗೆ ಮುಖ್ಯವಾದದ್ದು ಎರಡನೆಯ ಲೆಕ್ಕ, ಏಕೆಂದರೆ ಹಣವಿದ್ದವನಿಗೆ ಮೊದಲನೆಯದು ಲೆಕ್ಕವೇ ಅಲ್ಲ. ನಷ್ಟವಾದರೆ ಆಗಲಿ, ನನ್ನ ದುಡ್ಡು, ನನ್ನ ಹಿತ್ತಲು, ನಿಮಗೇನು ಎಂದು ಕೇಳುವ ಧಣಿಗಳಿಗೆ ನಾವು ಬಡ್ಡಿಯ ದರ ಹೇಳಿ ಪ್ರಯೋಜನವಿಲ್ಲ.

ಅವರ ದುಡ್ಡು ನಿಜ, ಹಿತ್ತಲೂ ಅವರದೇ. ನೀರು ಯಾರದು? ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಜಲಜೀವನ ಮಿಷನ್ನಿನಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಲಾಯಿತು. ಐದು ಜನರ ಸಂಸಾರಕ್ಕೆ 275 ಲೀಟರ್. ನಾವು ಹೇಳಿದ ಕೊಳ ಆ ಸಂಸಾರದ ಏಳು ತಿಂಗಳ ನೀರು. ಅದೂ ಒಮ್ಮೆ ತುಂಬಿಸಿದ್ದಷ್ಟೇ. ಬೇಸಿಗೆಯಲ್ಲಿ ದಿನಕ್ಕೆ ಕಾಲು ಅಂಗುಲ ನೀರು ಬಿಸಿಲಿಗೆ ಆವಿಯಾಗುತ್ತದೆಂದು ಹಿಡಿಯಿರಿ. ಆ ಕೊಳದ ಅಗಲಕ್ಕೆ ಅದು 265 ಲೀಟರ್ ಆಗುತ್ತದೆ. ಯಾರೂ ಈಜದಿದ್ದರೂ, ಯಾರೂ ಮುಟ್ಟದಿದ್ದರೂ, ಒಂದು ಬಡ ಸಂಸಾರದ ದಿನದ ಪಾಲು ಪ್ರತಿದಿನವೂ ಆಕಾಶಕ್ಕೆ ಹೋಗುತ್ತಿರುತ್ತದೆ. ಮರಳು ತೊಳೆಯಲು ಚರಂಡಿಗೆ ಬಿಡುವ ನೀರು ಬೇರೆ.

ಈ ನೀರು ಕೊಳವೆಬಾವಿಯದು, ನಗರಪಾಲಿಕೆಯದಲ್ಲ ಎಂಬ ಸಮಜಾಯಿಷಿ ಕೇಳಿಬರುತ್ತದೆ. ನೆಲದೊಳಗಿನ ನೀರು ಕಾಂಪೌಂಡಿನ ಗೋಡೆ ನೋಡಿ ನಿಲ್ಲುವುದಿಲ್ಲ. ಆರುನೂರು ಅಡಿ ಕೊರೆಸಬಲ್ಲವನು ಎಳೆದಷ್ಟೂ ಇನ್ನೂರು ಅಡಿಯವನ ಬಾವಿ ಬತ್ತುತ್ತದೆ, ಕೇರಿಯ ಕೈಪಂಪು ಗಾಳಿ ಕಾರುತ್ತದೆ. 2023ರ ಬರದಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ಆ ಬೇಸಿಗೆಯಲ್ಲಿ ಮೂರನೆಯ ಪಾಳಿ ಮುಗಿಸಿ ಮನೆಗೆ ಬಂದು ನಿದ್ದೆಗೆಟ್ಟ ಕಣ್ಣಿನಲ್ಲಿಯೇ ಕೊಡ ಹಿಡಿದು ನಿಂತವರಿಗೆ ನೀರು ಯಾರದೆಂಬ ಪ್ರಶ್ನೆ ತತ್ತ್ವಜಿಜ್ಞಾಸೆಯಾಗಿರಲಿಲ್ಲ.

ಅದೇ ಬರದ ಬೆನ್ನಿಗೆ 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಒಂದು ಆಜ್ಞೆ ಹೊರಡಿಸಿತು. ಕುಡಿಯುವ ನೀರನ್ನು ಈಜುಕೊಳಗಳಿಗೆ ಬಳಸಕೂಡದು, ಬಳಸಿದರೆ 5,000 ರೂಪಾಯಿ ದಂಡ. ನೂರು ಕಿಲೋಮೀಟರು ದೂರದ ಕಾವೇರಿಯಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ ವಿದ್ಯುತ್ತು ಸುಟ್ಟು ಏರಿಸಿ ತಂದ ನೀರು ಅದು. ಆಜ್ಞೆ ಸರಿಯಾದದ್ದೇ, ನಾವು ಸ್ವಾಗತಿಸುತ್ತೇವೆ. ಆದರೆ ದಂಡದ ಮೊತ್ತವನ್ನು ಸ್ವಲ್ಪ ಪರೀಕ್ಷಿಸಬೇಕು. ಅದೇ ತಿಂಗಳು ಅಲ್ಲಿನ ಜಿಲ್ಲಾಡಳಿತ ಟ್ಯಾಂಕರಿನ ದರ ನಿಗದಿ ಮಾಡಿತ್ತು: ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿ. ನಮ್ಮ ಲೆಕ್ಕದ ಕೊಳಕ್ಕೆ ಐದು ಟ್ಯಾಂಕರು ಬೇಕು. ಐದು ಟ್ಯಾಂಕರಿಗೆ ಐದು ಸಾವಿರ ರೂಪಾಯಿ. ದಂಡವೂ ಐದು ಸಾವಿರ! ಕೊಳವುಳ್ಳವನ ಮಟ್ಟಿಗೆ ಇದು ಶಿಕ್ಷೆಯಲ್ಲ, ಇನ್ನೊಂದು ಸಲ ನೀರು ತುಂಬಿಸಿದ ಖರ್ಚು.

ಇಲ್ಲಿಯೇ ಈ ವಿಷಯದ ಗುಟ್ಟು ಅಡಗಿದೆ. ಹತ್ತು ಲಕ್ಷದ ಕೊಳದಲ್ಲಿ ಎಲ್ಲಕ್ಕಿಂತ ಅಗ್ಗವಾದ ಸಾಮಾನು ನೀರೇ. ಹೆಂಚಿಗೆ ಬೆಲೆಯಿದೆ, ಪಂಪಿಗೆ ಬೆಲೆಯಿದೆ, ನೀಲಿ ದೀಪಕ್ಕೆ ಬೆಲೆಯಿದೆ. ಟ್ಯಾಂಕರಿನ ಆ ದರದಲ್ಲಿ ಕೊಳದ ನೀರು ಲೀಟರಿಗೆ ಎಂಟು ಪೈಸೆ ಚಿಲ್ಲರೆ ಬೀಳುತ್ತದೆ. ಹಲವು ಊರುಗಳಲ್ಲಿ ಕೂಲಿಯ ಹೆಣ್ಣುಮಗಳು ಶುದ್ಧ ನೀರಿನ ಘಟಕದ ಮುಂದೆ ನಿಂತು ಐದು ರೂಪಾಯಿಯ ನಾಣ್ಯ ಹಾಕಿ 20 ಲೀಟರ್ ಹಿಡಿಯುತ್ತಾಳೆ. ಅವಳಿಗೆ ಲೀಟರಿಗೆ ಇಪ್ಪತ್ತೈದು ಪೈಸೆ. ಅದು ಸೋಸಿದ ನೀರು, ಇದು ಬರಿ ನೀರು ಎಂದು ವಾದಿಸಬಹುದು, ವಾದ ಒಪ್ಪೋಣ. ಆದರೂ ಬಾಯಾರಿದವಳು ಮೂರು ಪಟ್ಟು ಕೊಟ್ಟು, ಈಜುವವನು ಒಂದು ಪಾಲು ಕೊಡುವ ವ್ಯವಸ್ಥೆಯನ್ನು ಯಾವ ಬಾಯಿಂದ ನ್ಯಾಯವೆಂದು ಕರೆಯುವುದು? ಡಾಕ್ಟರ್ ಲೋಹಿಯಾ ಅವರು 1963ರಲ್ಲಿ ಲೋಕಸಭೆಯಲ್ಲಿ ಎದ್ದುನಿಂತು, ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆಂದು ಹೇಳಿ ಆಳುವವರ ಖರ್ಚಿನ ಲೆಕ್ಕ ಕೇಳಿದಾಗ ಮಂತ್ರಿಗಳು ತಬ್ಬಿಬ್ಬಾದರು. ಇಂದು ನೀರಿಗೂ ಅಂಥದೇ ಲೆಕ್ಕ ಕೇಳುವವರು ಬೇಕಾಗಿದ್ದಾರೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಈ ಲೆಕ್ಕ ಹಾಕಿದ್ದಾರೆ. 2018ರಲ್ಲಿ ಆ ಊರಿನ ನಲ್ಲಿಗಳೇ ನಿಂತುಹೋಗುವ ದಿನ ಹತ್ತಿರವಾಗಿ, ತಲೆಗೆ ದಿನಕ್ಕೆ 50 ಲೀಟರ್ ಎಂಬ ಕಟ್ಟು ಹಾಕಬೇಕಾಯಿತು. ಮಳೆ ಬರಲಿಲ್ಲವೆಂದು ಎಲ್ಲರೂ ಆಕಾಶವನ್ನು ದೂರಿದರು. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ನೆಲದ ಕಡೆ ನೋಡಿತು: ಊರಿನ ನೂರರಲ್ಲಿ ಹದಿನಾಲ್ಕು ಮಂದಿಯಷ್ಟಿದ್ದ ಸಿರಿವಂತರೂ ಮೇಲ್ಮಧ್ಯಮ ವರ್ಗದವರೂ ಸೇರಿ ಒಟ್ಟು ನೀರಿನ ಅರ್ಧಕ್ಕಿಂತ ಹೆಚ್ಚನ್ನು ಬಳಸುತ್ತಿದ್ದರು, ಅದರಲ್ಲಿ ಹೆಚ್ಚಿನದು ಹೋಗುತ್ತಿದ್ದದ್ದು ತೋಟಗಳಿಗೆ, ಈಜುಕೊಳಗಳಿಗೆ.

ಇಂಥ ಕೊಳಗಳಿಗೆ ತೆರಿಗೆ ಹಾಕಿದರೆ ಸರಿಹೋಗುತ್ತದೆಂದು ಕೆಲವರು ಹೇಳುತ್ತಾರೆ. ಹಾಕಲೇಬೇಕು. ಆದರೆ ಗ್ರೀಸ್ ದೇಶದ ಕಥೆ ಕೇಳಿ. 2010ರ ಸುಮಾರಿಗೆ ಅಥೆನ್ಸಿನ ಉತ್ತರದ ಸಿರಿವಂತ ಬಡಾವಣೆಗಳಲ್ಲಿ ತಮ್ಮ ಮನೆಯಲ್ಲಿ ಈಜುಕೊಳವಿದೆಯೆಂದು ತೆರಿಗೆ ಪತ್ರದಲ್ಲಿ ಒಪ್ಪಿಕೊಂಡವರು 324 ಮಂದಿ. ಸರ್ಕಾರದವರು ಉಪಗ್ರಹದ ಚಿತ್ರ ತರಿಸಿ ಎಣಿಸಿದರು. 16,974 ಕೊಳಗಳು ಸಿಕ್ಕವು! ಫ್ರಾನ್ಸಿನಲ್ಲಿ 2022ರಲ್ಲಿ ಹೀಗೆಯೇ ಆಕಾಶದಿಂದ ತೆಗೆದ ಚಿತ್ರಗಳನ್ನು ಯಂತ್ರದಿಂದ ಶೋಧಿಸಿದಾಗ ಬರಿ ಒಂಬತ್ತು ಜಿಲ್ಲೆಗಳಲ್ಲಿ ಲೆಕ್ಕಕ್ಕೆ ಬಾರದ 20,000 ಕೊಳಗಳು ಬಯಲಾದವು. ಸಂಬಳದಿಂದ ಮೊದಲೇ ಕಡಿತ ಮಾಡಿಸಿಕೊಳ್ಳುವ ಗಿರಣಿ ಕಾರ್ಮಿಕನಿಗೆ ಇಂಥ ಕಣ್ಣಾಮುಚ್ಚಾಲೆ ಆಡುವ ಅವಕಾಶ ಯಾವ ದೇಶದಲ್ಲೂ ಇಲ್ಲ.

ಮನೆಗೊಳಗಳ ಈ ಹುಚ್ಚು ಎಲ್ಲಿಂದ ಬಂತೆಂಬುದನ್ನೂ ತಿಳಿಯಬೇಕು. ಇದರ ತವರು ಅಮೆರಿಕಾ. ಆದರೆ ಅಲ್ಲಿಯೂ ಇದು ಮೊದಲಿನಿಂದ ಇದ್ದದ್ದಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರಿ ಯೋಜನೆಯಡಿ, ಆ ದೇಶದ ಊರೂರಿನಲ್ಲೂ ಸಾರ್ವಜನಿಕ ಈಜುಕೊಳಗಳು ಎದ್ದವು. ನ್ಯೂಯಾರ್ಕ್ ನಗರವೊಂದರಲ್ಲೇ 1936ರ ಬೇಸಿಗೆಯಲ್ಲಿ ಹನ್ನೊಂದು ದೊಡ್ಡ ಕೊಳಗಳು ತೆರೆದವು. ಕೂಲಿಕಾರರ ಮಕ್ಕಳು ಸಾವಿರಗಟ್ಟಲೆ ನೀರಿಗಿಳಿದರು. ಹಿತ್ತಲಲ್ಲಿ ಸ್ವಂತ ಕೊಳ ತೋಡಿಸಿಕೊಂಡಿದ್ದ ಮನೆಗಳು 1950ರ ಹೊತ್ತಿಗೆ ಆ ವಿಶಾಲ ದೇಶದಲ್ಲಿ ಬರಿ 2,500 ಎಂದು ಇತಿಹಾಸಕಾರ ಜೆಫ್ ವಿಲ್ಟ್ಸ್ ಬರೆದಿದ್ದಾರೆ. 1999ಕ್ಕೆ ಅವು 40 ಲಕ್ಷವಾದವು. ನಡುವೆ ಏನಾಯಿತು? ಐಶ್ವರ್ಯ ಹೆಚ್ಚಿತು, ನಿಜ. ಅದೊಂದೇ ಅಲ್ಲ. ಕರಿಯರೂ ಸಾರ್ವಜನಿಕ ಕೊಳಕ್ಕೆ ಇಳಿಯಬಹುದೆಂದಾಯಿತು. ಸೇಂಟ್ ಲೂಯಿಯಲ್ಲಿ 1949ರ ಜೂನ್ 21ರಂದು ಹೀಗೆ ಬಾಗಿಲು ತೆರೆದ ಮೊದಲ ದಿನವೇ ಬಿಳಿಯರ ಗುಂಪು ಕರಿಯ ಹುಡುಗರನ್ನು ಅಟ್ಟಿಸಿಕೊಂಡು ಹೊಡೆಯಿತು. ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದವರು, ಒಟ್ಟಿಗೆ ಈಜುವುದಕ್ಕಿಂತ ಯಾರೂ ಈಜದಿರುವುದೇ ಮೇಲೆಂದು ನಗರದ ಕೊಳಗಳನ್ನೇ ಮುಚ್ಚಿದರು. ಹಾಗೆ ಮುಚ್ಚಿದ್ದು ತಪ್ಪಲ್ಲವೆಂದು 1971ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ನಾಲ್ವರ ವಿರುದ್ಧ ಐವರ ಬಹುಮತದಿಂದ ತೀರ್ಪಿತ್ತಿತು. ಬಿಳಿಯರು ತಂತಮ್ಮ ಕ್ಲಬ್ಬುಗಳಿಗೂ ಹಿತ್ತಲುಗಳಿಗೂ ಸರಿದರು. ನಗರದ ಕೊಳಗಳಿಗೆ ಆಯವ್ಯಯದಲ್ಲಿ ಹಣ ನಿಂತಿತು, ಹೆಂಚು ಕಿತ್ತುಹೋಯಿತು.

ನಮ್ಮ ನಾಡಿನವರಿಗೆ ಈ ಕಥೆ ಹೊಸದಾಗಿ ಕೇಳಿಸುವುದಿಲ್ಲ. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿಯುವುದಕ್ಕೆ ಡಾಕ್ಟರ್ ಅಂಬೇಡ್ಕರರು ಸಾವಿರಾರು ಜನರೊಡನೆ ಸತ್ಯಾಗ್ರಹ ಮಾಡಬೇಕಾಯಿತು. ದನಕರುಗಳು ಕುಡಿಯುವ ಕೆರೆಯನ್ನು ಮನುಷ್ಯರು ಮುಟ್ಟಿದ್ದಕ್ಕೆ ಆ ಸಂಜೆ ಹೊಡೆದಾಟವಾಯಿತು, ಆಮೇಲೆ ಗಡಿಗೆಗಟ್ಟಲೆ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧಿ ಮಾಡಿದರು. ಹಿತ್ತಲ ಕೊಳದ ಸುತ್ತ ಏಳುವ ಎಂಟಡಿ ಗೋಡೆಯನ್ನು ಕಂಡಾಗಲೆಲ್ಲ ಅದು ಕಳ್ಳರಿಗಾಗಿ ಮಾತ್ರ ಎದ್ದದ್ದೇ ಎಂಬ ಸಂಶಯ ನಮಗೆ ಬರುತ್ತದೆ.

ಸಮಾಜವಾದಿಗಳು ಸುಖದ ಶತ್ರುಗಳೆಂದು ಯಾರೂ ಭಾವಿಸಬೇಕಾಗಿಲ್ಲ. ಈಜು ಒಳ್ಳೆಯದು. ಮಂಡಿನೋವಿನ ಮುದುಕರಿಗೆ ಒಳ್ಳೆಯದು, ದಿನವಿಡೀ ಮಗ್ಗದ ಮುಂದೆ ನಿಂತ ಬೆನ್ನಿಗೆ ಒಳ್ಳೆಯದು. ಅದಕ್ಕಿಂತ ಹೆಚ್ಚಾಗಿ ಅದು ಜೀವ ಉಳಿಸುವ ವಿದ್ಯೆ. ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮಲ್ಲಿ ಬೇಸಿಗೆ ರಜೆ ಬಂತೆಂದರೆ ಪತ್ರಿಕೆಯ ಮೂಲೆಯಲ್ಲಿ ಸುದ್ದಿ ಶುರು: ಕೆರೆಯಲ್ಲಿ ಇಬ್ಬರು ಬಾಲಕರು, ಕೃಷಿ ಹೊಂಡದಲ್ಲಿ ಅಣ್ಣತಂಗಿ, ಕಲ್ಲುಗಣಿಯ ಗುಂಡಿಯಲ್ಲಿ ಮೂವರು ಗೆಳೆಯರು. ಒಂದು ಕಾಲದಲ್ಲಿ ಮಕ್ಕಳು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು, ಬಾಳೆದಿಂಡು ಅಪ್ಪಿಕೊಂಡು ಮೆಟ್ಟಿಲ ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಕಲಿಸಲು ಒಬ್ಬ ಚಿಕ್ಕಪ್ಪನೋ ಸೋದರಮಾವನೋ ದಡದಲ್ಲಿ ಕೂತಿರುತ್ತಿದ್ದ. ಬಾವಿಗಳು ಬತ್ತಿದವು, ಕಲ್ಯಾಣಿಗಳಲ್ಲಿ ಕಸ ತುಂಬಿತು. ಈಜು ಬಾರದ ಒಂದು ತಲೆಮಾರು ಮಾತ್ರ ಬೆಳೆದು ನಿಂತಿದೆ. ಸತ್ತ ಮಕ್ಕಳಲ್ಲಿ ಹಿತ್ತಲ ಕೊಳವುಳ್ಳವರ ಮಕ್ಕಳು ಎಷ್ಟು ಜನ?

ಆದ್ದರಿಂದ ನಮ್ಮ ಜಗಳ ಈಜಿನ ಮೇಲಲ್ಲ, ಗೋಡೆಯ ಮೇಲೆ. ಇಪ್ಪತ್ತೈದು ಮೀಟರು ಉದ್ದ, ಹನ್ನೆರಡೂವರೆ ಮೀಟರು ಅಗಲದ ಸಾರ್ವಜನಿಕ ಕೊಳವೊಂದಕ್ಕೆ, ಸರಾಸರಿ ಒಂದೂವರೆ ಮೀಟರು ಆಳವೆಂದರೆ, 4 ಲಕ್ಷ 70 ಸಾವಿರ ಲೀಟರ್ ನೀರು ಬೇಕು. ಎಂಟು ಮನೆಗೊಳಗಳ ನೀರು. ಎಂಟು ಮನೆಗಳಲ್ಲಿ ಈಜುವವರು ನಲವತ್ತು ಜನವೂ ಇರಲಾರರು. ಅಷ್ಟೇ ನೀರಿನಲ್ಲಿ ಊರಿನ ಶಾಲೆಗಳ ಮಕ್ಕಳೆಲ್ಲ ಸರದಿಯ ಮೇಲೆ ಈಜು ಕಲಿಯಬಹುದು. ಪಂಪು ಒಂದೇ, ಕಾವಲು ಒಂದೇ, ಕ್ಲೋರಿನ್ ಅಳೆಯಲು ಸಂಬಳ ಪಡೆಯುವ, ಗವಸು ಹಾಕಿದ ಒಬ್ಬ ನೌಕರ ಇರುತ್ತಾನೆ.

ಅನೇಕ ಊರುಗಳಲ್ಲಿ ಇಂಥ ಕೊಳ ಇದ್ದೂ ಇಲ್ಲದಂತಾಗಿದೆ. ಉದ್ಘಾಟನೆಯ ಕಲ್ಲಿನ ಮೇಲೆ ಮಂತ್ರಿಗಳ ಹೆಸರು ಹೊಳೆಯುತ್ತಿರುತ್ತದೆ, ಒಳಗೆ ಹಸಿರು ನೀರು, ಬಾಗಿಲಿಗೆ ಬೀಗ. ಕೇಳಿದರೆ ದುರಸ್ತಿ, ಟೆಂಡರು, ಅನುದಾನ ಬಂದಿಲ್ಲ. ತೆರೆದ ಕಡೆ ಗುತ್ತಿಗೆದಾರನ ಶುಲ್ಕ ಕೇಳಿ ಕೂಲಿಯವನು ಬಾಗಿಲಲ್ಲೇ ತಿರುಗಿ ಹೋಗುತ್ತಾನೆ.

ಬೇಸಿಗೆಗೆ ಮುನ್ನ ನಗರಸಭೆಯ ಆಯವ್ಯಯ ಮಂಡನೆಯಾಗುತ್ತದೆ. ಆ ಸಭೆಯಲ್ಲಿ ನಮ್ಮ ಸದಸ್ಯರು ಎತ್ತಬೇಕಾದ ಮಾತುಗಳನ್ನು ಈಗಲೇ ಹೇಳಿಡುತ್ತೇವೆ. ಮನೆ ಕಟ್ಟುವ ಪರವಾನಗಿಯ ಅರ್ಜಿಯಲ್ಲಿ ಈಜುಕೊಳವನ್ನು ಬೇರೆಯಾಗಿ ಬರೆಸಬೇಕು, ಅದಕ್ಕೂ ಅದರ ಕೊಳವೆಬಾವಿಗೂ ಬೇರೆ ಮೀಟರು ಕೂರಿಸಬೇಕು, ತೆರಿಗೆ ಮನೆಯ ಅಳತೆಯ ಮೇಲಲ್ಲದೆ ಲೀಟರಿನ ಲೆಕ್ಕದಲ್ಲಿ ಬೀಳಬೇಕು. ಬರ ಘೋಷಣೆಯಾದ ವರ್ಷ ಕೊಳ ತುಂಬಿಸಿದವನಿಗೆ ಹಾಕುವ ದಂಡ ಟ್ಯಾಂಕರಿನ ಬಾಡಿಗೆಗೆ ಸಮವಾಗಿರಬಾರದು. ಈ ಬಾಬಿನಲ್ಲಿ ಬಂದ ಹಣ ಬೇರೆ ಯಾವ ಖಾತೆಗೂ ಹೋಗದೆ ಸಾರ್ವಜನಿಕ ಕೊಳಕ್ಕೂ ಊರ ಕಲ್ಯಾಣಿಯ ಹೂಳೆತ್ತುವುದಕ್ಕೂ ಸಲ್ಲಬೇಕು. ಕೊಳದ ವೇಳಾಪಟ್ಟಿಯನ್ನು ಕ್ಲಬ್ಬಿನ ಮಹನೀಯರ ಅನುಕೂಲ ನೋಡಿ ಬರೆಯದೆ ಗಿರಣಿಯ ಪಾಳಿಗಳನ್ನು ನೋಡಿ ಬರೆಯಬೇಕು. ಮೊದಲನೆಯ ಪಾಳಿ ಬಿಟ್ಟ ಮೇಲೆ ಒಂದು ಗಂಟೆ, ಅಂಗಡಿಗಳ ವಾರದ ರಜೆಯ ದಿನ ಬೆಳಿಗ್ಗೆ ಎರಡು ಗಂಟೆ. ಹೆಣ್ಣುಮಕ್ಕಳಿಗೆ ಪ್ರತ್ಯೇಕ ವೇಳೆಯೂ ಕಲಿಸಲು ಮಹಿಳಾ ಶಿಕ್ಷಕಿಯೂ ಇರಬೇಕು, ಏಕೆಂದರೆ ಬಟ್ಟೆ ಒಗೆಯಲು ಹೋಗಿ ಕೆರೆಗೆ ಜಾರುವವರು ಅವರೇ. ಶಾಲೆಯ ಮಕ್ಕಳಿಂದ ಕಾಸು ತೆಗೆದುಕೊಳ್ಳಕೂಡದು.

ಈ ಬೇಡಿಕೆಗಳ ಅರ್ಜಿಯ ಪ್ರತಿಗಳನ್ನು ನಮ್ಮ ಕಛೇರಿಯಲ್ಲಿ ಇಟ್ಟಿದ್ದೇವೆ. ಗಿರಣಿ ಸಂಘದ ಸಂಗಾತಿಗಳೂ ಪೇಟೆಯ ವರ್ತಕರೂ ಸಂಜೆ ಆರರಿಂದ ಎಂಟರವರೆಗೆ ಬಂದು ಸಹಿ ಹಾಕಬಹುದು. ಓದು ಬಾರದವರಿಗೆ ಪೂರ್ತಿ ಓದಿ ಹೇಳಿ ಹೆಬ್ಬೆಟ್ಟು ತೆಗೆದುಕೊಳ್ಳಲಾಗುವುದು.